ಬಸಿದ ಕಟ್ಟು ಚೆಲ್ಲಬೇಡಿ

ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಮೊಮ್ಮಗಳು ಮೊನ್ನೆ ಫೋನ್ ಮಾಡಿ, "ಅಜ್ಜಿ, ತಿಂಗಳು 20ಕ್ಕೇ ದಿನಸಿ ಡಬ್ಬಗಳು ಖಾಲಿ" ಎಂದಳು. ದಿನಾ ಏನವ್ವ ಅಡುಗೆ ಅಂತ ಕೇಳಿದೆ. ತೊಗರಿಬೇಳೆ ಸಾರು, ಅದರ ಜೊತೆಗೊಂದು ಪಲ್ಯ, ಅನ್ನ. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಅಲ್ಲೇ ಗೊತ್ತಾಯಿತು.

ನಮ್ಮ ಮಂಡ್ಯ ಸೀಮೆಯ ಬಸ್ಸಾರು ಹುಟ್ಟಿದ್ದೇ ಕೈ ಬಿಗಿ ಇದ್ದ ಮನೆಗಳಲ್ಲಿ ಅಂತ ನನ್ನ ಲೆಕ್ಕ. ಐದು ಜನಕ್ಕೆ ಒಂದು ಲೋಟ ಕಾಳು, ಎರಡು ಕಟ್ಟು ಸೊಪ್ಪು ಸಾಕು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಎರಡೂ ಬೆಂದಾಗ ಬಸಿಯಬೇಕು. ಬಸಿದ ಕಟ್ಟೇ, ಅಂದರೆ ಬೆಂದ ನೀರೇ, ಸಾರಿಗೆ, ಉಳಿದ ಸೊಪ್ಪು ಕಾಳು ಪಲ್ಯಕ್ಕೆ. ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಹುಣಸೆಹಣ್ಣಿನ ಜೊತೆ ರುಬ್ಬುವಾಗ ಒಂದು ಹಿಡಿ ಬೆಂದ ಸೊಪ್ಪು ಕಾಳನ್ನೂ ಸೇರಿಸಿ. ಸಾರು ತಾನೇ ಗಟ್ಟಿಯಾಗುತ್ತದೆ, ತೆಂಗಿನಕಾಯಿ ಅರ್ಧ ಹೋಳಿನ ಬದಲು ಒಂದು ಚೂರು ಸಾಕಾಗುತ್ತದೆ. ಅದೂ ಇಲ್ಲದ ದಿನ ಉಪ್ಸಾರು ಮಾಡಿ. ಬಸಿದ ಕಟ್ಟಿಗೆ ಉಪ್ಪಷ್ಟೇ, ಖಾರ ಬೇರೆ ರುಬ್ಬಿಟ್ಟು ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಕಲಸಿಕೊಳ್ಳುವುದು. ಒಂದು ಒಲೆ, ಒಂದು ಪಾತ್ರೆ, ಎರಡು ಅಡುಗೆ. ಗ್ಯಾಸೂ ಉಳಿಯಿತು.

ಕಾಳು ಅಂದರೆ ಹುರುಳಿಯನ್ನು ಮರೆಯಬೇಡಿ. ತೊಗರಿಗಿಂತ ಅಗ್ಗ, 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು, ತೊಗರಿಗೇನೂ ಕಡಿಮೆಯಿಲ್ಲ. ಬೆಳಿಗ್ಗೆ ನೆನೆಹಾಕಿ, ಸಂಜೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆ ದಿನ ಸಂಜೆಗೆ ಮೊಳಕೆ. ಒಂದು ಲೋಟ ಕಾಳು ಎರಡು ಲೋಟಕ್ಕೂ ಮೀರಿ ಉಬ್ಬಿರುತ್ತದೆ.

2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳಲ್ಲಿ ಮುದ್ದೆ ಕೋಲು ಮೂಲೆ ಸೇರಿತು. ಅಕ್ಕಿ ಬಿಟ್ಟಿ, ನಿಜ. ಆದರೆ ಅನ್ನ ಉಂಡ ಮಕ್ಕಳು ನಾಲ್ಕು ಗಂಟೆಗೆ ಬಿಸ್ಕತ್ತು ಕೇಳುತ್ತವೆ, ಮುದ್ದೆ ಉಂಡವು ಕೇಳುವುದಿಲ್ಲ. ಬಿಸ್ಕತ್ತಿನ ಲೆಕ್ಕ ಯಾರೂ ಬರೆದಿಡುವುದಿಲ್ಲ ನೋಡಿ. ಒಂದು ಮುದ್ದೆಗೆ ಹತ್ತಿರ ಹತ್ತಿರ 100 ಗ್ರಾಂ ಹಿಟ್ಟು. ಐದು ಜನ ಒಂದು ಹೊತ್ತು ಉಂಡರೆ ತಿಂಗಳಿಗೆ 15 ಕೆ.ಜಿ. ರಾಗಿ. ಸುಗ್ಗಿ ಮುಗಿದ ಮೇಲೆ ಪರಿಚಯದ ರೈತರ ಹತ್ತಿರ ಮೂಟೆಯಲ್ಲೇ ಕೊಳ್ಳಿ. ರಾಗಿ ಬೇಗ ಹುಳ ಹಿಡಿಯುವ ಧಾನ್ಯವಲ್ಲ. ಹಿಟ್ಟು ಮಾತ್ರ ತಿಂಗಳಿಗಾಗುವಷ್ಟೇ ಬೀಸಿಸಿ. ರೇಷನ್ ಅಕ್ಕಿ ದೋಸೆಗೆ ಚೆನ್ನಾಗಿ ಒದಗುತ್ತದೆ.

ಬೇಳೆ ಕೂಡ ಹೀಗೇ ಒಟ್ಟಿಗೆ ಕೊಳ್ಳೋಣ ಅಂತ ನಾನೊಮ್ಮೆ ಬುದ್ಧಿವಂತಿಕೆ ಮಾಡಿ, 10 ಕೆ.ಜಿ. ತಂದು ಬಿಸಿಲು ಕಾಣಿಸದೆ ಡಬ್ಬಕ್ಕೆ ಸುರಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಬೇಳೆ, ಅರ್ಧ ಹುಳ. ನಮ್ಮತ್ತೆ ಏನೂ ಅನ್ನಲಿಲ್ಲ, ಮೊರ ತಂದು ನನ್ನ ಮುಂದೆ ಇಟ್ಟರು. ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಒಂದಿಷ್ಟು ಹರಳೆಣ್ಣೆ ಸವರಿಟ್ಟರೆ ಕೆಡುವುದಿಲ್ಲ. ಮೈಸೂರಿನವರು ಎರಡು ಮೂರು ಮನೆಯವರು ಸೇರಿಕೊಂಡು ಸಂತೆಪೇಟೆಯ ಸಗಟು ಅಂಗಡಿಗೆ ಹೋಗಿ ಹಂಚಿಕೊಳ್ಳಬಹುದು. ಹುಣಸೆಹಣ್ಣು ಶಿವರಾತ್ರಿ ಆಸುಪಾಸಿನಲ್ಲಿ ಹೊಸದು ಬರುತ್ತದೆ. ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿದರೆ ವರ್ಷದ ಚಿಂತೆ ಇಲ್ಲ.

ಅಂಗಡಿಯಲ್ಲಿ ಬರೆಸಿ ತರುವ ಅಭ್ಯಾಸ ಬೇಡವೇ ಬೇಡ. ಬರೆಸುವಾಗ ಕೈ ಧಾರಾಳ, ಕೊಡುವಾಗ ನೋವು. ಎಣ್ಣೆಗೆ ತಿಂಗಳ ಮೊದಲ ದಿನವೇ ಒಂದು ಕ್ಯಾನು ಗೊತ್ತು ಮಾಡಿ, ಐದು ಜನಕ್ಕೆ ಎರಡೂವರೆ ಲೀಟರು. ಮುಗಿದರೆ ಆ ತಿಂಗಳು ಬೋಂಡ ಇಲ್ಲ. ಸೊಪ್ಪನ್ನು ಸಂಜೆ ತನ್ನಿ, ಅಂದೇ ಬೇಯಿಸಿ.

ಬಾಡೂಟ ಬಿಡಿ ಅಂತ ನಾನು ಹೇಳುವವಳಲ್ಲ. ಅರ್ಧ ಕೆ.ಜಿ. ಮಟನ್ನಿಗೆ ಎರಡು ಲೋಟ ಅವರೆಕಾಳು ಹಾಕಿದರೆ ಐದು ಜನಕ್ಕೆ ಮುದ್ದೆಗೆ ಧಾರಾಳ ಸಾರು. ತುಂಡು ಯಾರಿಗೆ ಎಷ್ಟು ಬಂತು ಅನ್ನುವ ಜಗಳ ಇದ್ದೇ ಇರುತ್ತದೆ; ಅದಕ್ಕೇ ಬಡಿಸುವ ಸೌಟು ಮಾತ್ರ ನಾನು ಇವತ್ತಿಗೂ ಯಾರ ಕೈಗೂ ಕೊಟ್ಟಿಲ್ಲ.