ಹಿತ್ತಲಲ್ಲೊಂದು ಇಟ್ಟಿಗೆಯ ಬಾರ್ಬೆಕ್ಯೂ ಒಲೆ

ಒಲೆ ಕಟ್ಟಲು ಸಿಮೆಂಟ್ ಬೇಡ. ಮೊದಲ ಸಲ ನಾನು ಮನೆ ಕಟ್ಟಿ ಮಿಕ್ಕಿದ್ದ ಸಿಮೆಂಟ್ ಬ್ಲಾಕ್‌ಗಳಲ್ಲೇ ಕಟ್ಟಿದ್ದೆ, ಮೂರನೇ ಸಲ ಬೆಂಕಿ ಹಾಕುವಷ್ಟರಲ್ಲಿ ಒಂದು ಬ್ಲಾಕ್ ಉದ್ದಕ್ಕೂ ಬಿರುಕು ಬಿಟ್ಟಿತು. ಸುಟ್ಟ ಮಣ್ಣಿನ ಇಟ್ಟಿಗೆ ಗೂಡಿನ ಬೆಂಕಿ ಕಂಡೇ ಬಂದದ್ದು, ಅಲ್ವಾ? ಅದಕ್ಕೆ ಕೆಮ್ಮಣ್ಣು, ಮರಳು ಸಮಸಮ ಕಲಸಿದ ಕೆಸರು ಸಾಕು.

9 ಇಂಚು ಉದ್ದ, ನಾಲ್ಕೂವರೆ ಅಗಲ, 3 ಇಂಚು ದಪ್ಪದ ಇಟ್ಟಿಗೆ 70 ತನ್ನಿ. ಒಂದಕ್ಕೊಂದು ತಟ್ಟಿ ನೋಡಿ. ಟಣ್ ಅನ್ನಬೇಕು, ಡಬ್ ಅಂದರೆ ಸರಿಯಾಗಿ ಬೆಂದಿಲ್ಲ.

ಗೋಡೆ, ತೆಂಗಿನ ಗರಿ, ಬಟ್ಟೆಯ ಹಗ್ಗ ಇವುಗಳಿಂದ ಹತ್ತು ಅಡಿ ದೂರ ಜಾಗ ಹಿಡಿಯಿರಿ. ನೆಲ ಗಟ್ಟಿ ಮಾಡಿ, ಜಲ್ಲಿ ಹರಡಿ, ರಸಮಟ್ಟ ಇಟ್ಟು ನೋಡಿ. ಮೂರು ಕಡೆ ಗೋಡೆ, ಮುಂದೆ ಬಯಲು. ಮೊದಲ ಸಾಲಿಗೆ ಹಿಂದೆ 3 ಇಟ್ಟಿಗೆ, ಅಕ್ಕಪಕ್ಕ ಎರಡೆರಡು. ಒಳಗೆ ಒಂದೂವರೆ ಅಡಿ ಚೌಕ ಸಿಗುತ್ತದೆ. ಮುಂದಿನ ಸಾಲಿಗೆ ಹಿಂದೆ 2, ಪಕ್ಕಗಳಲ್ಲಿ ಎರಡೂವರೆ, ಅರ್ಧ ಇಟ್ಟಿಗೆ ಮುಂಭಾಗಕ್ಕೆ ಬರಲಿ, ಆಗ ಸಂದಿಯ ಮೇಲೆ ಸಂದಿ ಬೀಳುವುದಿಲ್ಲ. ಹೀಗೇ ಅದಲುಬದಲಾಗಿ ಏರಿಸಿ. 5 ಸಾಲು ಆದ ಮೇಲೆ ಎರಡು ಅಡಿಯ 10 ಎಂಎಂ ಕಂಬಿ ನಾಲ್ಕನ್ನು ಕೆಸರಿನಲ್ಲೇ ಅಡ್ಡ ಕೂರಿಸಿ. ಅದರ ಮೇಲೆ ತೂತು ಹೊಡೆದ ದಪ್ಪ ಕಬ್ಬಿಣದ ತಗಡು, ಇದ್ದಿಲಿಗೆ. ಇನ್ನೆರಡು ಸಾಲು ಏರಿಸಿ ಮತ್ತೆ ಕಂಬಿ, ಅಲ್ಲಿ ಜಾಲರಿ. ಗಾಳಿ ತಡೆಯಲು ಮೇಲೆ ಎರಡು ಸಾಲು.

ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಬೇಲಿಯ ಜಿಐ ಜಾಲರಿ ಬೇಡವೇ ಬೇಡ, ಅದರ ಸತುವಿನ ಲೇಪ ಜಾಸ್ತಿ ಕಾದರೆ ಏಳುವ ಹೊಗೆ ಮೈಗೆ ಕೆಟ್ಟದ್ದು.

ಒಂದು ವಾರ ಒಣಗಲಿ. ಆಮೇಲೆ ಎರಡು ದಿನ ಬರೀ ಸಣ್ಣ ಬೆಂಕಿ. ಅವಸರ ಮಾಡಿದರೆ ಕೆಸರು ಸೀಳುತ್ತದೆ.

ಇನ್ನು ಅಡುಗೆ. ಬೇಯಿಸುವುದು ಉರಿಯಲ್ಲಲ್ಲ, ಕೆಂಡದಲ್ಲಿ. ಕರಟದ ಇದ್ದಿಲನ್ನು ಒಣ ತೆಂಗಿನ ನಾರಿನಿಂದ ಹೊತ್ತಿಸಿ. ಸೀಮೆಎಣ್ಣೆ ಸುರಿದರೆ ವಾಸನೆ ಮಾಂಸಕ್ಕೇ ಹತ್ತುತ್ತದೆ. ಅರ್ಧ ಗಂಟೆ ಸುಮ್ನೆ ಕಾಯಿರಿ. ಕಪ್ಪು ಹೋಗಿ ತೆಳ್ಳಗೆ ಬೂದಿ ಕೂತ ಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ. ಮೊಸರು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಉಪ್ಪು ಹಚ್ಚಿ ನಾಲ್ಕು ಗಂಟೆ ಫ್ರಿಜ್‌ನಲ್ಲಿಟ್ಟ ಕೋಳಿ ಕಾಲುಗಳನ್ನು ಮೊದಲು ಕೆಂಡದ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ, ಕೆಂಡವಿಲ್ಲದ ಬದಿಗೆ ಸರಿಸಿ, ಮೇಲೊಂದು ಬಾಣಲೆ ಮುಚ್ಚಿ ನಿಧಾನ ಬೇಯಿಸಿ. ಮುಕ್ಕಾಲು ಗಂಟೆ ಹಿಡಿಯಬಹುದು. ಥರ್ಮಾಮೀಟರ್ ಇದ್ದರೆ ಮೂಳೆಯ ಹತ್ತಿರ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು.

ಬಂಗುಡೆಗೆ ಇಷ್ಟೆಲ್ಲ ಬೇಡ. ಹುಣಸೆ, ಖಾರ, ಅರಿಸಿನ ಮೆತ್ತಿ, ಕಾದ ಜಾಲರಿಗೆ ಎಣ್ಣೆ ಸವರಿ, ನೇರ ಕೆಂಡದ ಮೇಲಿಡಿ. ಕೈ ಹಾಕಬೇಡಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುಂಯ್ ಅನ್ನುತ್ತದೆ, ಘಮ್ಮೆಂದು ಹೊಗೆ ಏಳುತ್ತದೆ, ತೊಗಲು ತಾನೇ ಜಾಲರಿ ಬಿಡುತ್ತದೆ. ಆಗ ಮಗುಚಿ.

ಬೂದಿ ಮಾರನೇ ದಿನವೇ ತೆಗೆಯಿರಿ, ರಾತ್ರಿ ಅದರೊಳಗೆ ಕೆಂಡ ಇನ್ನೂ ಜೀವಂತ ಇರುತ್ತದೆ. ಮಳೆಗಾಲಕ್ಕೆ ಒಲೆಯ ಮೇಲೊಂದು ಶೀಟ್ ಮುಚ್ಚಿ, ಸಂದಿ ಕರಗಿದ ಕಡೆ ದೀಪಾವಳಿ ಹೊತ್ತಿಗೆ ಹೊಸ ಕೆಸರು ಮೆತ್ತಿ.