ಯುಟ್ರಿಕ್ಯುಲೇರಿಯಾ ಸಿನ್ಸಿಶಿಯಂನಲ್ಲಿ ಆಕ್ಟಿನ್ ಎಳೆಗಳು ತುಂಡಾಗಿ ಕಾಣುತ್ತಿದ್ದರೆ

ಲಕ್ಷಣ: ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಗಿಡದಲ್ಲಿ, ಅಂಡಕದ ಮೈಕ್ರೊಪೈಲ್ (ಸಣ್ಣ ರಂಧ್ರ) ತುದಿಯಲ್ಲಿ ಎಂಡೋಸ್ಪರ್ಮಿನ (ಭ್ರೂಣಕ್ಕೆ ಆಹಾರ ಒದಗಿಸುವ ಅಂಗಾಂಶದ) ಹಾಸ್ಟೋರಿಯಂ, ಅಂದರೆ ಆಹಾರ ಹೀರುವ ಚಾಚು, ಪೋಷಕ ಅಂಗಾಂಶದೊಡನೆ ಬೆರೆತು ಆಗುವ ಬಹುಕೇಂದ್ರಕ ಕೋಶದಲ್ಲಿ (ಇದೇ ಸಿನ್ಸಿಶಿಯಂ), ಆಕ್ಟಿನ್ ಎಳೆಗಳಿಗೆ ಅಂಟುವ ಬಣ್ಣವಾದ ಫ್ಯಾಲೋಯ್ಡಿನ್ ಹಾಕಿದರೆ ಎಳೆಗಳ ಬದಲು ಗಿಡ್ಡ ಕಡ್ಡಿ, ಚುಕ್ಕೆಗಳಷ್ಟೇ. ದೈತ್ಯ ಕೇಂದ್ರಕಗಳ ಸುತ್ತ ಬರೀ ಮಬ್ಬು.

ಫ್ಯಾಲೋಯ್ಡಿನ್ ಇಮ್ಮಡಿ ಮಾಡಿದರೆ ಹಿನ್ನೆಲೆ ಮಾತ್ರ ಬೆಳಗಿತು. ರಾತ್ರಿಯಿಡೀ ನೆನೆಸಿದ್ದೂ, ಪೊರೆಯಲ್ಲಿ ತೂತು ಮಾಡುವ ಡಿಟರ್ಜೆಂಟ್ ಟ್ರೈಟಾನ್ ಏರಿಸಿದ್ದೂ ವ್ಯರ್ಥ. ಮೆಥನಾಲ್ ಬೆರೆತ ಫಾರ್ಮಾಲಿನ್ ಅಂತೂ ಬೇಡವೇ ಬೇಡ. ಫ್ಯಾಲೋಯ್ಡಿನ್ ಹಿಡಿಯುವ ರಚನೆಯನ್ನೇ ಅದು ಕೆಡಿಸುತ್ತದೆ.

ಕೆಲಸ ಮಾಡಿದ್ದು ಫಾರ್ಮಾಲ್ಡಿಹೈಡಿಗೆ ಮುಂಚೆ ಎಂಬಿಎಸ್‌ನಿಂದ (ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ) ಎಳೆಗಳನ್ನು ಕಟ್ಟಿಹಾಕಿದ್ದು. ಬಫರ್: 50 ಮಿಲಿಮೋಲಾರ್ ಪೈಪ್ಸ್, 10 ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ವಸ್ತು), 5 ಮೆಗ್ನೀಷಿಯಂ ಸಲ್ಫೇಟ್, ಪಿಎಚ್ 6.9. ಎಂಬಿಎಸ್ 31 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ಒಣ (ನೀರಿಲ್ಲದ) ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಪ್ರತಿ ಮಿಲಿಲೀಟರ್ ಬಫರಿಗೆ 3 ಮೈಕ್ರೊಲೀಟರ್ ಹಾಕಿ. ಸುಮಾರು 300 ಮೈಕ್ರೊಮೋಲಾರ್ ಆಗುತ್ತದೆ. ಇದು ನೀರಿನಲ್ಲಿ ಬೇಗ ಸಾಯುವುದರಿಂದ ಬೆರೆಸಿದ ಕೂಡಲೇ ಬಳಸಬೇಕು. ಟ್ರಿಸ್, ಗ್ಲೈಸಿನ್ ಹತ್ತಿರ ಸುಳಿಯಬಾರದು, ಅವುಗಳ ಅಮೈನ್ ಎಂಬಿಎಸ್ ಅನ್ನು ನುಂಗಿಬಿಡುತ್ತದೆ. ಎಂಬಿಎಸ್ ಬೆರೆತ ಬಫರಿನಲ್ಲಿ 0.05% ಟ್ರೈಟಾನ್ ಇರಲಿ. ಅಂಡಾಶಯವನ್ನು ಈ ದ್ರವದೊಳಗೇ ಸೀಳಿ. ಹೊರಗೆ ಸೀಳಿ ಆಮೇಲೆ ಮುಳುಗಿಸಿದರೆ ಗಾಯಗೊಂಡ ಕೋಶಗಳಲ್ಲಿ ಅಷ್ಟರೊಳಗೆ ಎಳೆ ಕಡಿದಿರುತ್ತದೆ. 30 ನಿಮಿಷ ಕತ್ತಲಲ್ಲಿ ಇಡಿ.

ನಂತರ ಅದೇ ಬಫರಿನಲ್ಲಿ, ಪ್ಯಾರಾಫಾರ್ಮಾಲ್ಡಿಹೈಡಿನಿಂದ ಹೊಸದಾಗಿ ಮಾಡಿದ 4% ದ್ರಾವಣ, 1 ಗಂಟೆ. ಮೂರು ತೊಳೆತ. ಅಲೆಕ್ಸಾ 488 ಫ್ಯಾಲೋಯ್ಡಿನ್ 0.165 ಮೈಕ್ರೊಮೋಲಾರ್ (6.6ರ ಸ್ಟಾಕ್ 1:40), 2 ಗಂಟೆ, ಕೊನೆಗೆ ಕೇಂದ್ರಕಗಳಿಗೆ ಬಣ್ಣ ಕೊಡುವ ಡ್ಯಾಪಿ. ಆಲ್ಕೋಹಾಲಿನಲ್ಲಿ ನಿರ್ಜಲಗೊಳಿಸದೆ ನೇರ ಬಫರಿನಲ್ಲೇ ಮೌಂಟ್ ಮಾಡಿ.

ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ 500–550 ನ್ಯಾನೊಮೀಟರ್ ಮಾತ್ರ ಹಿಡಿದರೆ ಕ್ಲೋರೊಫಿಲ್ ಕಾಟವಿಲ್ಲ. ಆಕ್ಟಿನ್ ಎಳೆಗಳನ್ನು ಬಿಚ್ಚುವ ಲ್ಯಾಟ್ರಂಕುಲಿನ್ ಬಿ ಕೊಟ್ಟ ಜೀವಂತ ಅಂಡಕಗಳನ್ನೂ ಜತೆಗೇ ಫಿಕ್ಸ್ ಮಾಡಿ. ಅವುಗಳಲ್ಲೂ ಎಳೆ ಕಂಡರೆ ಅದು ಆಕ್ಟಿನ್ ಅಲ್ಲದಿರಬಹುದು.