ಉಣಕಲ್ ಕೆರೆಗೆ ಹೋಗದ ಹುಟ್ಟುಗಾರರು: ಹುಬ್ಬಳ್ಳಿಯಲ್ಲಿ ರೋಯಿಂಗ್ ಕಲಿಸಿದ ನನ್ನ ಅನುಭವ

ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅದರ ಹಿಂದಿನ ಶೆಡ್‌ನಲ್ಲಿ ಸಂಜೆ ಹೊತ್ತು ಎರಡು ರೋಯಿಂಗ್ ಮಷಿನ್, ಅಂದರೆ ನೆಲದ ಮೇಲೆಯೇ ಹುಟ್ಟು ಹಾಕೋದನ್ನು ಅಭ್ಯಾಸ ಮಾಡುವ ಯಂತ್ರಗಳು, ಓಡುತ್ತವೆ. ಫ್ಯಾನಿನ ಸದ್ದು ಕೇಳಿ ಪಕ್ಕದ ಲೇಥ್‌ನವರು ಹೊಸ ಕಂಪ್ರೆಸರ್ ಬಂದಿದೆ ಅಂದುಕೊಂಡಿದ್ದರು. ಒಳಗೆ ಬಂದು ನೋಡಿದವರು ಕೇಳುವ ಪ್ರಶ್ನೆ ಒಂದೇ: "ನೀರss ಇಲ್ಲಾ, ಇಲ್ಲಿ ಎಂಥಾ ದೋಣಿ ಸರ?"

ನೀರು ಇಲ್ಲ ಅಂತೇನಿಲ್ಲ. ಉಣಕಲ್ ಕೆರೆ ಇದೆ, ಧಾರವಾಡದ ಕಡೆ ಕೆಲಗೇರಿ ಕೆರೆ ಇದೆ. ಆದರೆ ರೇಸ್ ದೋಣಿಗೆ ಬೇಕಾಗುವ ನೀರಿನ ಲೆಕ್ಕವೇ ಬೇರೆ. ದೊಡ್ಡ ಸ್ಪರ್ಧೆಗೆ 2000 ಮೀಟರ್ ನೇರ ದಾರಿ ಬೇಕು. ಒಂದೊಂದು ದೋಣಿಗೆ 13.5 ಮೀಟರ್ ಅಗಲದ ಲೇನ್, ಕೆಳಗೆ ಕನಿಷ್ಠ 3 ಮೀಟರ್ ಆಳ. ಉಣಕಲ್ ಕೆರೆ ಇರೋದೇ ಸುಮಾರು 200 ಎಕರೆ, ಅದರಲ್ಲಿ ಅಷ್ಟುದ್ದದ ಗೆರೆ ಎಳೆಯೋಕೆ ಆಗಲ್ಲ. ಮೇಲೆ ಅಂತರಗಂಗೆಯ ಕಾಟ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ನಿಮಗೆ ಗೊತ್ತೇ ಇದೆ. ಪೆಡಲ್ ದೋಣಿಗೆ ಅದು ಏನೂ ಅಲ್ಲ. ರೇಸ್ ದೋಣಿಯಲ್ಲಿ ಕೂತವನಿಗೆ ಮಾತ್ರ ಅಂಗೈಯಗಲ ಅಲೆಯೂ ಬೆಟ್ಟವೇ.

ಹಾಗಾದರೆ ಇಲ್ಲಿ ಯಾಕೆ? ಯಾಕೆಂದರೆ ಈ ದೇಶದ ದೊಡ್ಡ ಹುಟ್ಟುಗಾರರಲ್ಲಿ ಕೆಲವರು ನೀರಿಲ್ಲದ ಊರಿಂದಲೇ ಬಂದವರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ರೋಯಿಂಗ್‌ನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ಠಾಖರ್ ರಾಜಸ್ಥಾನದ ಸೀಕರ್ ಜಿಲ್ಲೆಯವರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದ ದತ್ತು ಭೋಕನಳ್ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯ ಹುಡುಗ, ಬಾವಿ ತೋಡುವ ಕೆಲಸ ಮಾಡಿದವರು. ಸೇನೆಗೆ ಸೇರಿದ ಮೇಲೆ ಪುಣೆಯಲ್ಲಿ ಹುಟ್ಟು ಹಿಡಿದರು. ನವಲಗುಂದ, ರೋಣದ ಹುಡುಗರಿಗೆ ಈ ಕಥೆ ಹೇಳಿದರೆ ಬೇರೆ ಸ್ಫೂರ್ತಿ ಭಾಷಣ ಬೇಕಾಗಲ್ಲ. ಬರ ಅಂದರೆ ಏನು ಅಂತ ಅವರಿಗೂ ಗೊತ್ತು. ಬೇಕಾಗಿರೋದು ಕಾಲು, ಉಸಿರು, ಹಟ. ಮೂರೂ ಒಣ ನೆಲದಲ್ಲೇ ತಯಾರಾಗುತ್ತವೆ.

ನಾನು ಕಲಿತದ್ದೂ ಪುಣೆಯಲ್ಲೇ. ಇಂಜಿನಿಯರಿಂಗ್ ಓದೋಕೆ ಸಿಒಇಪಿಗೆ, ಅಂದರೆ ಪುಣೆಯ ಕಾಲೇಜ್ ಆಫ್ ಇಂಜಿನಿಯರಿಂಗ್‌ಗೆ ಹೋದೆ. 1854ರಷ್ಟು ಹಳೆಯ ಕಾಲೇಜು. ಅದರ ಬೋಟ್ ಕ್ಲಬ್ 1928ರದ್ದು, ಮುಳಾ ನದಿಯ ದಂಡೆಯಲ್ಲಿದೆ. ಅದನ್ನು ನಡೆಸುವವರು ವಿದ್ಯಾರ್ಥಿಗಳೇ. ದೋಣಿ ರಿಪೇರಿ, ಹೊಸಬರಿಗೆ ಪಾಠ, ವರ್ಷಕ್ಕೊಮ್ಮೆ ರೆಗಟ್ಟಾ, ಎಲ್ಲದಕ್ಕೂ ಹುಡುಗರೇ ಓಡಾಡಬೇಕು. ರೆಗಟ್ಟಾ ಅಂದರೆ ಬರೀ ರೇಸ್ ಅಲ್ಲ, ನೀರಿನ ಮೇಲೆ ದೋಣಿಗಳ ಸಾಲು ಕಟ್ಟಿ ಆಟ ತೋರಿಸುತ್ತಾರೆ. ದಂಡೆಯಲ್ಲಿ ಜನ ಜಾತ್ರೆಯ ಹಾಗೆ ಸೇರುತ್ತಾರೆ. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದ್ದು, ಮದ್ರಾಸ್ ಬೋಟ್ ಕ್ಲಬ್ 1867ರದ್ದು. ಎರಡೂ ಬ್ರಿಟಿಷರು ತಮ್ಮ ಸಂಜೆಗಾಗಿ ಕಟ್ಟಿಕೊಂಡವು. ಅವುಗಳ ಮುಂದೆ ಹುಡುಗರೇ ನಡೆಸುವ ಕ್ಲಬ್ ನನಗೆ ಯಾವತ್ತೂ ಜಾಸ್ತಿ ಇಷ್ಟ. ಶೆಡ್‌ನಲ್ಲೂ ಅದೇ ಪದ್ಧತಿ ಇಟ್ಟಿದ್ದೇನೆ. ಬೀಗದ ಕೈ ಹುಡುಗರ ಹತ್ತಿರವೇ ಇರುತ್ತದೆ.

ಮಷಿನ್ ಎರಡೂ ಸೆಕೆಂಡ್ ಹ್ಯಾಂಡ್. ಒಂದು ಮುಚ್ಚಿಹೋದ ಜಿಮ್‌ನದು. ಕಾನ್ಸೆಪ್ಟ್ ಟು ಕಂಪನಿಯದ್ದು, ಚೈನ್ ಎಳೆದರೆ ಫ್ಯಾನ್ ತಿರುಗುತ್ತದೆ, ಗಾಳಿಯೇ ತಡೆ. ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಭಾರ. ಚೈನಿಗೆ 50 ಗಂಟೆಗೊಮ್ಮೆ ಎಣ್ಣೆ ಹಾಕಬೇಕು ಅಂತ ಕಂಪನಿ ಹೇಳುತ್ತದೆ. ನಮ್ಮ ಧೂಳಿಗೆ ಆ ಲೆಕ್ಕ ಸಾಲಲ್ಲ. ಸೀಟು ಜಾರುವ ಹಳಿಯನ್ನು ದಿನಾ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಕಪ್ಪು ಪುಡಿ ಮೆತ್ತಿಕೊಂಡು ಗಾಲಿ ಸವೆಯುತ್ತದೆ. ಬಟ್ಟೆ ಹಿಡಿಯದವನಿಗೆ ಆವತ್ತು ಮಷಿನ್ ಇಲ್ಲ.

ಬರುವವರಲ್ಲಿ ಜಾಸ್ತಿ ಜನ ಸೇನಾ ಭರ್ತಿಗೆ ತಯಾರಾಗುವವರು. 1.6 ಕಿಲೋಮೀಟರ್ ಓಟ ಅವರ ತಲೆಯಲ್ಲಿ ಕೂತಿರುತ್ತದೆ. ಉಸಿರು ಹೆಚ್ಚಿಸಿಕೊಳ್ಳೋಕೆ ಅಂತ ಬರುತ್ತಾರೆ, ಕೆಲವರು ಉಳಿಯುತ್ತಾರೆ. ಇನ್ನು ಕೆಲವರು ಗರಡಿಯಿಂದ ಬರುತ್ತಾರೆ. ಅವರನ್ನು ಕಂಡರೆ ನನಗೆ ಖುಷಿ. ನೂರಾರು ಬೈಠಕ್ ಹೊಡೆದ ತೊಡೆ, ಸೊಂಟದಿಂದ ಬಗ್ಗುವ ರೂಢಿ, ಗಟ್ಟಿ ಹಿಡಿತ. ಅರ್ಧ ಕೆಲಸ ಉಸ್ತಾದರು ಆಗಲೇ ಮಾಡಿ ಕಳಿಸಿರುತ್ತಾರೆ.

ಮೊದಲ ದಿನ ಎಲ್ಲರೂ ಬಾವಿಯಿಂದ ಕೊಡ ಸೇದುವಂತೆ ತೋಳಲ್ಲೇ ಎಳೆಯುತ್ತಾರೆ. ಐದು ನಿಮಿಷದಲ್ಲಿ ಮುಂಗೈ ಕಲ್ಲಾಗುತ್ತದೆ. ಆಮೇಲೆ ನಾನು ಹೇಳೋದು: ತೋಳನ್ನು ಮರೆತುಬಿಡಿ, ಅದು ಬರೀ ಹಗ್ಗ. ವಾರಗಟ್ಟಲೆ ಕಾಲಿನ ಕೆಲಸ ಮಾತ್ರ. ಮೊಣಕಾಲು ಮಡಚಿ ಮುಂದೆ ಬಾ, ತೋಳು ನೆಟ್ಟಗೆ, ಪಾದದಿಂದ ಒದಿ, ನಿಲ್ಲು. ಕಾಲು ಚಾಚಿದ ಮೇಲೆ ಬೆನ್ನು ಹಿಂದಕ್ಕೆ, ಕೊನೆಗೆ ತೋಳು. ವಾಪಸ್ ಬರುವಾಗ ಉಲ್ಟಾ: ತೋಳು, ಬೆನ್ನು, ಕಾಲು. ಹೇಳೋಕೆ ಒಂದು ಸಾಲು, ಮೈಗೆ ಹತ್ತೋಕೆ ತಿಂಗಳುಗಳು. ಬೆನ್ನು ಮೊದಲೇ ತೆರೆದುಕೊಂಡರೆ ಸೊಂಟ ಹಿಡಿದುಕೊಳ್ಳುತ್ತದೆ. ಅಲ್ಲಿ ಮಾತ್ರ ನಾನು ರಿಯಾಯಿತಿ ಕೊಡಲ್ಲ.

ಇನ್ನೊಂದು ಜಗಳ ಫ್ಯಾನಿನ ಪಕ್ಕದ ಹಿಡಿಯದ್ದು, ಫ್ಯಾನಿಗೆ ಎಷ್ಟು ಗಾಳಿ ಹೋಗಬೇಕು ಅಂತ ಹೊಂದಿಸುವ ಹಿಡಿ. 1ರಿಂದ 10ರವರೆಗೆ ನಂಬರ್ ಇದೆ. ಪೈಲ್ವಾನರು ಬಂದವರೇ 10ಕ್ಕೆ ತಿರುಗಿಸುತ್ತಾರೆ. ನಾನು 4ಕ್ಕೆ ಇಳಿಸುತ್ತೇನೆ. ಅವರಿಗೆ ಅದು ಅವಮಾನ! 10ರಲ್ಲಿ ಎಳೆದರೆ ಭಾರದ ನಾಡದೋಣಿ ಎಳೆದಷ್ಟು ಕಷ್ಟ. ರೇಸ್ ದೋಣಿ ಹಗುರ, ಅದಕ್ಕೆ ಚುರುಕಾದ ಒದೆತ ಬೇಕು. 4ರಲ್ಲೇ ಒಬ್ಬ ಸಪೂರ ಹುಡುಗ ಇವರಿಗಿಂತ ವೇಗ ತೋರಿಸಿದಾಗ ಜಗಳ ತಾನೇ ಮುಗಿಯುತ್ತದೆ.

ವೇಗ ನೋಡೋದು 500 ಮೀಟರಿಗೆ ಎಷ್ಟು ಸಮಯ ಅಂತ. ಅದಕ್ಕೆ ಸ್ಪ್ಲಿಟ್ ಅನ್ನುತ್ತೇವೆ. 2 ನಿಮಿಷದ ಸ್ಪ್ಲಿಟ್‌ಗೆ ಸುಮಾರು 203 ವ್ಯಾಟ್ ಶಕ್ತಿ ಬೇಕು. ಅದನ್ನೇ 1 ನಿಮಿಷ 45 ಸೆಕೆಂಡಿಗೆ ಇಳಿಸಬೇಕಾದರೆ 302 ವ್ಯಾಟ್. ಹದಿನೈದು ಸೆಕೆಂಡಿಗೆ ಒಂದೂವರೆ ಪಟ್ಟು ಶಕ್ತಿ. ದೋಣಿ ಓಡಿದಷ್ಟೂ ನೀರು ಜಾಸ್ತಿ ತಡೆಯುತ್ತದೆ, ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಮಷಿನ್‌ನ ಲೆಕ್ಕವೂ ಅದೇ. ಹೀಗಾಗಿ 2000 ಮೀಟರ್ ಪರೀಕ್ಷೆಯಲ್ಲಿ ಮೊದಲ 500ರಲ್ಲಿ ಹಾರಿದವನು ಮೂರನೇ 500ರಲ್ಲಿ ಸಾಲ ತೀರಿಸುತ್ತಾನೆ. ಅಲ್ಲಿ ಮುಖಗಳನ್ನು ನೋಡಬೇಕು ನೀವು. ಭರ್ತಿ ಓಟದಲ್ಲಿ ಮುಂದಿದ್ದವರೂ ಅಲ್ಲಿ ದೇವರ ಹೆಸರು ಹೇಳುತ್ತಾರೆ.

ಜೋಡಿ ಅಭ್ಯಾಸಕ್ಕೆ ಎರಡೂ ಮಷಿನ್ ಹಿಂದೆಮುಂದೆ ಇಡುತ್ತೇವೆ. ಹಿಂದಿನವನು ಕಣ್ಣು ಮುಚ್ಚಬೇಕು. ಮುಂದಿನ ಫ್ಯಾನಿನ ಸದ್ದು ಕೇಳಿ ಅದೇ ಕ್ಷಣಕ್ಕೆ ಒದೆಯಬೇಕು. ಎರಡೂ ಸದ್ದು ಒಂದಾದರೆ ಪಾಸ್. ನಿಮಿಷಕ್ಕೆ 18 ಎಳೆತ, ಅಷ್ಟೇ. ಅವಸರದಲ್ಲಿ 30 ಎಳೆಯೋದು ಸುಲಭ, ನಿಧಾನದಲ್ಲಿ ಜೋರು ತರೋದು ಕಷ್ಟ.

ನಿಜವಾದ ದೋಣಿಗೆ ವರ್ಷದಲ್ಲಿ ಬಿಡುವು ಸಿಕ್ಕಾಗ ಪುಣೆಗೇ ಹೋಗುತ್ತೇವೆ, ಹಳೆ ಗೆಳೆಯರ ಸಹಾಯದಿಂದ. ಈಜು ಬರದವರಿಗೆ ಬಸ್ ಟಿಕೆಟ್ ಇಲ್ಲ. ಒಬ್ಬನೇ ಕೂರುವ ದೋಣಿ ಸುಮಾರು 8 ಮೀಟರ್ ಉದ್ದ, ನೀರಿಗೆ ತಾಗುವ ಅಗಲ ಸುಮಾರು ಒಂದಡಿ, ನಿಯಮದ ಪ್ರಕಾರ ತೂಕ 14 ಕೆಜಿಗಿಂತ ಕಡಿಮೆ ಇರಬಾರದು. ಬೂಟು ದೋಣಿಗೇ ಅಂಟಿರುತ್ತದೆ. ಮಗುಚಿದರೆ ಪಾದ ಸಲೀಸಾಗಿ ಹೊರಬರಲಿ ಅಂತ ಬೂಟಿನ ಹಿಮ್ಮಡಿಯನ್ನು ದಾರದಿಂದ ದೋಣಿಗೆ ಕಟ್ಟಿರುತ್ತಾರೆ. ಕೂತವನಿಗೆ ಎರಡು ಹುಟ್ಟುಗಳೇ ಆಧಾರ, ಹಿಡಿ ಬಿಟ್ಟನೋ ನೀರಿಗೇ. ಶೆಡ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕಿದವನು ಅಲ್ಲಿ ಬೆವರುತ್ತಾನೆ, ಭಯದಿಂದ. ಹಿಡಿಗಳು ಒಂದರ ಮೇಲೊಂದು ದಾಟುವಾಗ ಬೆರಳ ಗಿಣ್ಣು ತರಚುತ್ತದೆ. ಎರಡನೇ ದಿನದ ಹೊತ್ತಿಗೆ ಕಾಲಿನ ಒದೆತ ನೆನಪಾಗುತ್ತದೆ. ಆಮೇಲೆ ದೋಣಿ ನಿಜವಾಗಿ ಓಡುತ್ತದೆ. ಸಮತೋಲನವನ್ನು ಶೆಡ್ ಕಲಿಸಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಕಾಲು ತಯಾರಿರುವವನಿಗೆ ನೀರು ಬೇಗ ಒಲಿಯುತ್ತದೆ. ಕಾಲಿಲ್ಲದೆ ನೀರಿಗೆ ಇಳಿದವರು ಪ್ರವಾಸಿಗರಾಗಿಯೇ ಉಳಿದದ್ದನ್ನು ಪುಣೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಈಗಿನ ಚರ್ಚೆ ಬೇರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ರೇಸ್ 1500 ಮೀಟರ್ ಅಂತೆ, ಲಾಂಗ್ ಬೀಚ್‌ನಲ್ಲಿ ಅಷ್ಟೇ ಜಾಗ ಇರೋದು. ಹುಡುಗರು ಇದನ್ನು ಫೋನಿನಲ್ಲಿ ಓದಿಕೊಂಡು ಬಂದು ನಮ್ಮ ಪರೀಕ್ಷೆಯನ್ನೂ 1500ಕ್ಕೆ ಇಳಿಸಿ ಅಂತ ಹಟ ಹಿಡಿದಿದ್ದಾರೆ. ಕೊನೆಯ 500 ತಪ್ಪಿಸೋಕೆ ಒಲಿಂಪಿಕ್ಸ್‌ನ ಸಾಕ್ಷಿ ತರುತ್ತಾರಲ್ಲ, ಅಲ್ವಾ? ಲಾಸ್ ಏಂಜಲೀಸ್‌ಗೆ ಟಿಕೆಟ್ ಸಿಕ್ಕವನಿಗೆ 1500, ಉಳಿದವರಿಗೆ 2000 ಅಂತ ಹೇಳಿದ್ದೇನೆ. ಮುಂದಿನ ಪರೀಕ್ಷೆ ಗಣಪತಿ ಹಬ್ಬ ಮುಗಿದ ಮೇಲೆ.